ಕೈ ನಂದಲ್ಲ ಕಣ್ರಿ

ನಾಟಕದ ಪರದೆ ಬರೆಯುತ್ತಿದ್ದ ಪರದೆ ಚಿಕ್ಕಣ್ಣನನ್ನು ಯಾರಾದರೂ ಹೊಗಳಿದರೆ ಆತ ಎರಡೂ ಅಂಗೈಗಳನ್ನು ಮುಂದೆ ಚಾಚಿ, ಅವು ಬೇರೆ ಯಾರವೋ ಎಂಬಂತೆ ನೋಡುತ್ತ, "ಕೈ ನಂದಲ್ಲ ಕಣ್ರಿ" ಎನ್ನುತ್ತಿದ್ದ. ಕೊಳ್ಳೇಗಾಲದಿಂದ ಮಾಂಬಳ್ಳಿಯವರೆಗೆ, ನಾಟಕವಾಡುವ ಊರುಗಳಲ್ಲೆಲ್ಲ ಆ ಮಾತು ಪ್ರಸಿದ್ಧ. ಕೈ ದೇವರದೆಂದು ಹೇಳುತ್ತಿದ್ದಾನೆಂದೇ ಜನ ತಿಳಿದಿದ್ದರು. ನಾನೂ ಹಾಗೆಯೇ ತಿಳಿದು, ವಿನಯದ ಪಾಠ ಬಂದಾಗ ತರಗತಿಯಲ್ಲಿ ಆತನ ಹೆಸರು ಹೇಳುತ್ತಿದ್ದೆ.

ಅರವತ್ತರ ದಶಕದ ಮೊದಲ ವರ್ಷಗಳವು. ನೇಕಾರರ ಬೀದಿಯ ನಮ್ಮ ನಾಟಕ ಸಂಘಕ್ಕೆ ಕಡಲಿನ ಪರದೆಯೊಂದು ಬೇಕಾಯಿತು. ಸಂಘದಲ್ಲಿ ಕಡಲು ಕಂಡವರು ಒಬ್ಬರೂ ಇರಲಿಲ್ಲ. ಇರುವುದರಲ್ಲೇ ದೊಡ್ಡ ನೀರು ನೋಡಿಬರೋಣವೆಂದು ಒಂದು ಭಾನುವಾರ ಭರಚುಕ್ಕಿ ಜಲಪಾತಕ್ಕೆ ಹೊರಟೆವು. ಸತ್ತೇಗಾಲದವರೆಗೆ ಬಸ್ಸು, ಮುಂದೆ ನಡಿಗೆ. ಹೆಂಗಸರನ್ನು ಕರೆದೊಯ್ಯುವ ರೂಢಿ ಸಂಘಕ್ಕಿರಲಿಲ್ಲ. ಸ್ತ್ರೀಪಾತ್ರಗಳನ್ನೂ ಗಂಡಸರೇ ಮಾಡುತ್ತಿದ್ದರು. ಚಿಕ್ಕಣ್ಣನ ಹೆಂಡತಿ ಪುಟ್ಟತಾಯಮ್ಮ ಕಟ್ಟಿಕೊಟ್ಟ ಚಿತ್ರಾನ್ನವನ್ನು ಎಲ್ಲರೂ ಬಂಡೆಯ ಮೇಲೆ ಕುಳಿತು, ಸಮಾನತೆಯ ಕುರಿತ ನನ್ನ ಮಾತು ಕೇಳುತ್ತ ತಿಂದರು. ಚಿಕ್ಕಣ್ಣ ಮಾತ್ರ ಒಂದು ಗೆರೆಯನ್ನೂ ಎಳೆಯದೆ, ಮಗ್ಗಿ ಬಾಯಿಪಾಠ ಮಾಡುವವನಂತೆ ತುಟಿ ಅಲ್ಲಾಡಿಸುತ್ತ, ನೀರನ್ನೇ ನೋಡುತ್ತಿದ್ದ.

ಕಾರಣ ತಿಳಿದದ್ದು ಮರುದಿನ, ಬುತ್ತಿಯ ಪಾತ್ರೆ ಹಿಂದಿರುಗಿಸಲು ಆತನ ಮನೆಗೆ ಹೋದಾಗ. ಹಜಾರದಲ್ಲಿ ಪರದೆಯ ಬಟ್ಟೆ ಹಾಸಿತ್ತು. ಕುಂಚ ಪುಟ್ಟತಾಯಮ್ಮನ ಕೈಯಲ್ಲಿತ್ತು. ಆತ ಪಕ್ಕದಲ್ಲಿ ಕುಳಿತು ಕಂಡ ನೀರನ್ನು ಪಾಠದಂತೆ ಒಪ್ಪಿಸುತ್ತಿದ್ದ.

"ಬೀಳ್ತದೆ ಕಣಮ್ಮಿ, ಆದ್ರೆ ನಿಂತಂಗೇ ಕಾಣ್ತದೆ."

"ಬೀಳೋದು ಅದೆಂಗೆ ನಿಂತಂಗೆ ಕಂಡಾತು? ಮಗ್ಗಕ್ಕೆ ಎಳೆ ಬಿಗಿದಂಗಾ?"

"ಅಂಗೇ ಅನ್ಕೊ."

"ಅನ್ಕಂಡೂ ಅನ್ಕಂಡೂ ಸಾಕಾಯ್ತು. ಒಂದ್ಸಲ ಕರ್ಕಂಡೋಗಿ ತೋರ್ಸು. ನಾನ್ ನೋಡುದ್ರೆ ನೀರೇನ್ ಸವದೋಯ್ತದಾ?"

ಬಾಗಿಲಲ್ಲಿ ನನ್ನನ್ನು ಕಂಡು ಚಿಕ್ಕಣ್ಣ ಬೆವರಿದ. "ಎಂಗ್ಸು ಬರ್ದ ಪರದೆ ಅಂದ್ರೆ ಸಂಘದೋರು ಕಟ್ಟಕಿಲ್ಲ ಮೇಷ್ಟ್ರೇ. ಕೈ ನಂದಲ್ಲ ಅಂತ ನಿಜ್ವನ್ನೇ ಯೋಳ್ತಾ ಇವ್ನಿ."

ಅರ್ಧ ನಿಜದ ಮರೆಯಲ್ಲಿ ನಿಲ್ಲುವುದೂ ಅನ್ಯಾಯವೇ, ಸಭೆಯಲ್ಲಿ ಆಕೆಯ ಹೆಸರು ಹೇಳು ಎಂದೆ.

ಕಡಲು ಸಿದ್ಧವಾಯಿತು. ಅಲೆಗಳು ಅಡ್ಡ ಹರಿಯದೆ ಮೇಲಿನಿಂದ ಎಳೆಎಳೆಯಾಗಿ ಇಳಿಯುತ್ತಿದ್ದವು, ನಿಂತ ಕಡಲು. ನಮಗಾರಿಗೂ ಅದು ತಪ್ಪೆಂದು ತೋರಲಿಲ್ಲ. ಕಾಮಗೆರೆಯಲ್ಲಿ ಪರದೆ ಇಳಿದಾಗ ಜನ ಎದ್ದು ನಿಂತರು. ಚಿಕ್ಕಣ್ಣನಿಗೆ ಶಾಲು ಹೊದಿಸಿದರು. ಆತ ಅಂಗೈ ಚಾಚಿ, "ಕೈ ನಂದಲ್ಲ ಕಣ್ರಿ" ಎಂದ. ಚಪ್ಪಾಳೆ. ಅದು ನಿಂತ ಮೇಲೆ ಮುಂದುವರಿಸಿದ: "ನನ್ನೆಂಡ್ರು ಪುಟ್ತಾಯಮ್ಮಂದು."

ಸಭೆ ಗೊಳ್ಳೆಂದಿತು. "ಮನೇಲಿ ಯಾರ್ ಕೈ ಮೇಲು ಅಂತ ಗೊತ್ತಾಯ್ತು ಬುಡ್ಲಾ!" ಎಂದು ಯಾರೋ ಕೂಗಿದರು. ಚಿಕ್ಕಣ್ಣನೂ ನಕ್ಕ.

ಹೆಂಗಸರ ಕಡೆ ಕುಳಿತಿದ್ದ ಪುಟ್ಟತಾಯಮ್ಮ ಹಿಂದಿರುಗುವಾಗ ಕೇಳಿದ್ದು ಒಂದೇ: "ಯೋಳಿದ್ದು ಸರಿ. ನಗೋದ್ ಯಾಕ್ ನಕ್ಕೆ?"

ಆಕೆ ಮತ್ತೆ ಕುಂಚ ಹಿಡಿಯಲಿಲ್ಲ. ಆತನ ಆ ನಗೆಯೊಂದನ್ನೇ ಅಪರಾಧವೆಂದರೆ ಅದೂ ಅನ್ಯಾಯವಾದೀತು. ರೂಢಿಯೆಂದು ಆಕೆಯನ್ನು ಮನೆಯಲ್ಲಿರಿಸಿದ ಸಂಘಕ್ಕೆ, ನಿಜವನ್ನು ಹಾಸ್ಯವಾಗಿಸಿದ ಸಭೆಗೆ ಅದರಲ್ಲಿ ಪಾಲಿದೆ. ನಿಜ ಗೊತ್ತಿದ್ದೂ ಮುಂದಿನ ಸಾಲಿನಲ್ಲಿ ಕುಳಿತೇ ಇದ್ದ ನನಗೂ ಇದೆ. ಆದರೆ ಆ ಭಾರವನ್ನು ಹೊತ್ತು ತಿರುಗಿದವನು ಚಿಕ್ಕಣ್ಣನೊಬ್ಬನೇ. ಅಂಗಡಿಗಳ ಬೋರ್ಡು ಬರೆದು ಬದುಕಿದ. ಅವನ್ನು ಯಾರೂ ಹೊಗಳುವಂತಿರಲಿಲ್ಲ. ಅದೇ ಆತನಿಗೆ ನೆಮ್ಮದಿ.

ಕೊನೆಯ ಸಲ ಆತ ಸಿಕ್ಕಿದ್ದು ವರ್ಷಗಳ ನಂತರ, ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ. ಹೆಂಡತಿಯನ್ನು ಭರಚುಕ್ಕಿಗೆ ಕರೆದೊಯ್ದು ಬಂದಿದ್ದ. ಆಕೆ ದೂರದ ಬೆಂಚಿನ ಮೇಲೆ ಒದ್ದೆ ಸೆರಗು ಹಿಂಡುತ್ತಿದ್ದಳು.

"ನೋಡುದ್ಲು ಮೇಷ್ಟ್ರೇ. 'ಇಷ್ಟೊಂದ್ ಸದ್ದು ಅದೆ ಅಂತ ನೀ ಯೋಳ್ಲೇ ಇಲ್ವಲ್ಲ' ಅಂದ್ಲು."

ಈಗ ಆತನಿಲ್ಲ. ಅಂದು ಕಾಮಗೆರೆಯಿಂದ ಬಂದ ಕೂಡಲೇ ಪರದೆಯ ಮೂಲೆಯಲ್ಲಿದ್ದ ತನ್ನ ಹೆಸರಿಗೆ ಬಿಳಿ ಬಣ್ಣ ಬಳಿದು, "ನಿನ್ ಎಸ್ರು ಬರ್ಕೊ" ಎಂದು ಆಕೆಗೆ ಕುಂಚ ನೀಡಿದ್ದನಂತೆ. ಆಕೆ ತೆಗೆದುಕೊಳ್ಳಲಿಲ್ಲ. ಆ ಬಿಳಿಯ ತೇಪೆಯೊಡನೆ ಪರದೆ ಮುಂದೆಯೂ ಊರೂರಿನಲ್ಲಿ ಇಳಿಯಿತು. ನೋಡಿದವರೆಲ್ಲ ಅದನ್ನು ಕಡಲಿನ ನೊರೆಯೆಂದೇ ತಿಳಿದರು.