ನೋಡದೆ ಹೇಳಿದ ‘ಉಂಟು’

ದಿನೇಶಣ್ಣ, ಆ ದಿನ ನಾನು ‘ಮರ ಉಂಟು’ ಎಂದು ಕೂಗಲಿಲ್ಲ. ‘ಉಂಟು’ ಎಂದಷ್ಟೇ ಕೂಗಿದ್ದೆ. ನೀವು ಕೇಳಿದ್ದು ‘ದಾರಿ ಉಂಟಾ?’ ಎಂದು. ದಾರಿ ಇದೆಯೋ ಇಲ್ಲವೋ ನಾನು ನೋಡಿಯೇ ಇರಲಿಲ್ಲ. ನಿಮ್ಮ ಕಿವಿ ಸರಿಯಾಗಿಯೇ ಕೇಳಿತ್ತು. ಆರು ವರ್ಷದಿಂದ ನೀವು ಅದರ ಮೇಲೆ ಹೊರಿಸುತ್ತಾ ಬಂದ ತಪ್ಪು ನನ್ನದು.

ಉಳಿದದ್ದನ್ನು ನೆನಪಿರುವಷ್ಟು ಬರೆಯುತ್ತೇನೆ — ನೆನಪನ್ನು ನಾನು ಪೂರ್ತಿ ನಂಬುವವಳಲ್ಲ. ಹೈಸ್ಕೂಲು ಮಕ್ಕಳಿಗೆ ಇತಿಹಾಸ ಕಲಿಸುವಾಗ, ಒಬ್ಬರು ಹೀಗಾಯಿತು ಎಂದು ಹೇಳಿದರೆ ಹಾಗೆ ಹೇಳಿದ್ದರಿಂದ ಅವರಿಗೇನು ಲಾಭ ಎಂದು ಮೊದಲು ಕೇಳಿ ಅನ್ನುತ್ತೇನೆ. ನನ್ನನ್ನು ಮಾತ್ರ ಹಾಗೆ ಕೇಳಿಕೊಂಡಿರಲಿಲ್ಲ.

ಶುರುವಾದದ್ದು ಕುಂಬ್ರದ ನಿಮ್ಮ ಅಂಗಡಿಯಲ್ಲಿ. ಒಡೆದ ಬಂಪರ್, ಆಟೋದ ಮಡ್‌ಗಾರ್ಡ್‌ಗಳಿಗೆ ಫೈಬರ್ ಹಾಕಿ ಕೊಡುವ, ದಿನವಿಡೀ ಗ್ರೈಂಡರ್ ಕಿರುಚುವ ಅಂಗಡಿ. ನಾನು ಸ್ಕೂಟರಿನ ಬಿರುಕುಬಿಟ್ಟ ಮುಂಭಾಗ ತಂದಿದ್ದೆ. ಯಾರೋ ಪ್ರವಾಸಿ ರಿಪೇರಿಗೆಂದು ಬಿಟ್ಟು ಹೋಗಿದ್ದ ಚಪ್ಪಟೆ ದೋಣಿಯೊಂದು ನೆಲದಲ್ಲಿತ್ತು. “ಇದು ದೋಣಿಯಾ ದೋಸೆಯಾ ಟೀಚರ್ರೆ? ನೀರಿಗೆ ಹಾಕುದಾ, ಕಾವಲಿಗೆ ಹಾಕುದಾ?” ಎಂದಿರಿ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ವಾರ ಕಳೆದು ಅದರ ಒಡೆಯ ಬಂದು ನಮಗೆ ಹೊಳೆಯಲ್ಲಿ ತೋರಿಸಿದ ಮೇಲೆ ನಗು ನಿಂತಿತು, ನಾವೂ ಒಂದೊಂದು ದೋಣಿ ಮಾಡಿಕೊಂಡು ಕಲಿಯತೊಡಗಿದೆವು.

ಸ್ಕ್ವರ್ಟ್ ಕೆನೂ. ತೇಲುವುದಕ್ಕಲ್ಲ, ಮುಳುಗುವುದಕ್ಕೆ ಮಾಡಿದ ದೋಣಿ. ಒಳಗೆ ಮಂಡಿಯೂರಿ, ಒಂದೇ ಅಲಗಿನ ಹುಟ್ಟು ಹಿಡಿದು, ರಭಸದಲ್ಲಿ ಇಳಿಯುವ ನೀರೂ ಬಂಡೆಯ ಮರೆಯಿಂದ ಹಿಂದಕ್ಕೆ ತಿರುಗುವ ನೀರೂ ಕೂಡುವ ಗೆರೆಯ ಮೇಲೆ ಅದನ್ನು ಓರೆ ಮಾಡಬೇಕು. ಆಗ ಹೊಳೆ ಮೂತಿ ಹಿಡಿದು ಎಳೆಯುತ್ತದೆ — ಮೊದಲು ದೋಣಿ, ಆಮೇಲೆ ಸೊಂಟ, ಎದೆ, ಕೊನೆಗೆ ತಲೆ. ನೀರಿನಡಿಯಲ್ಲೇ ಸುತ್ತುತ್ತಾ ಸಾಗಿ ಎಲ್ಲೋ ಕೆಳಗೆ ಹೊರಬರುವುದು. ದೋಣಿ ಒಬ್ಬೊಬ್ಬರ ತೂಕಕ್ಕೆ ಸರಿಯಾಗಿ ಇರಬೇಕು. ದೋಣಿಯ ಹೊಟ್ಟೆ ಒಂದಿಷ್ಟು ಹೆಚ್ಚಿದ್ದರೆ ಮುಳುಗುವುದಿಲ್ಲ, ಒಂದಿಷ್ಟು ಕಡಿಮೆಯಾದರೆ ಏಳುವುದಿಲ್ಲ. ನನ್ನದನ್ನು ಅಂಚಿನುದ್ದಕ್ಕೂ ಕತ್ತರಿಸಿ, ತೆಳ್ಳಗೆ ಮಾಡಿ, ಮತ್ತೆ ಅಂಟಿಸಿ ಕೊಡುವಾಗ ನೀವು ಹೇಳಿದ್ದು: “ಇನ್ನು ಮದುವೆ ಊಟಕ್ಕೆ ಹೋದ್ರೆ ಮೂರು ದಿನ ಹೊಳೆಗೆ ಬರ್ಬೇಡಿ ಮಾರಾಯ್ರೆ. ಹೋಳಿಗೆ ಸಮೇತ ಅಡಿಗೆ ಹೋಗ್ತೀರಿ.”

ಆ ಖುಷಿಯನ್ನು ಹೇಳದೆ ತಪ್ಪನ್ನು ಹೇಳಲಾರೆ. ಮೇಲಿನ ಗದ್ದಲ ಒಮ್ಮೆಲೇ ನಿಲ್ಲುತ್ತದೆ. ಬೆಳಕು ಹಸಿರಾಗುತ್ತದೆ, ಕಂದಾಗುತ್ತದೆ. ಮೈಯ ಭಾರವೇ ಇಲ್ಲ. ಯಾರೋ ದೊಡ್ಡವರು ಅಂಗೈಯಲ್ಲಿಟ್ಟು ನಿಧಾನ ತಿರುಗಿಸಿದ ಹಾಗೆ... ಎಣಿಸುತ್ತಿರುತ್ತೇನೆ — ಏಳು, ಎಂಟು, ಒಂಬತ್ತು — ಎದೆ ಬಡಿದುಕೊಳ್ಳುತ್ತದೆ, ಇನ್ನೊಂದು, ಇನ್ನೊಂದೇ ಒಂದು — ಆಮೇಲೆ ಧಡಕ್ಕನೆ ಆಕಾಶ! ಇದನ್ನು ಬರೆಯುವಾಗಲೂ ನನ್ನ ಕೈ ವೇಗವಾಗಿ ಓಡುತ್ತಿದೆ. ನಾಚಿಕೆಯೂ ಆಗುತ್ತಿದೆ.

ಇಂಥ ದೋಣಿಗೆ ಒಂದು ಅಪಾಯ ಉಂಟೆಂದು ನೀವೇ ಕಂಡುಕೊಂಡವರು. ನೆರೆಗೆ ಬಂದ ಮರ ನೀರಿನಡಿ ಬಂಡೆಗಳ ನಡುವೆ ಸಿಕ್ಕಿಕೊಂಡಿದ್ದರೆ ಬೇರೆ ದೋಣಿಗಳು ಅದರ ಮೇಲೆ ಹಾದು ಹೋಗುತ್ತವೆ. ಅಡಿಯಲ್ಲಿ ಹೋಗುವವರು ನಾವು ಮಾತ್ರ. ಅದಕ್ಕೇ ಬಿದಿರುಕೋಲು. ಇಳಿಯುವ ಮುಂಚೆ ಒಬ್ಬರು ಕೆಳಗಿನ ಬಂಡೆ ಹತ್ತಿ ಗುಂಡಿಯ ಆ ತುದಿಯಿಂದ ಈ ತುದಿಗೆ ಕೋಲಿನಿಂದ ತಿವಿದು ನೋಡಬೇಕು. ಅದು ನಿಮ್ಮ ಕಟ್ಟಳೆ. ನಾವು ಸರದಿಯಲ್ಲಿ ಮಾಡುತ್ತಿದ್ದೆವು.

ಆ ಭಾನುವಾರ ಸರದಿ ನನ್ನದು.

ಅರಂತೋಡಿನ ಹತ್ತಿರ ಪಯಸ್ವಿನಿ ತುಂಬಿ ಇಳಿಯುತ್ತಿತ್ತು. ಹಿಂದಿನ ದಿನ ಘಟ್ಟದಲ್ಲಿ ಜೋರು ಮಳೆಯಾಗಿತ್ತು. ನಮ್ಮನ್ನು ಕರೆತಂದ ಜೀಪಿನ ಹಮೀದ್ ರಸ್ತೆ ಬದಿ ಗಾಡಿ ನಿಲ್ಲಿಸಿದ್ದರು, ಕೋಲು ಅದರ ಮೇಲೆ ಕಟ್ಟಿತ್ತು. ನಾನು ಬಿಚ್ಚಲಿಲ್ಲ. ಆ ಗೆರೆಯನ್ನು — ನೀರಿನ ಮೇಲೆ ಗೀರಿದ ಹಾಗಿದ್ದ ಆ ಗೆರೆಯನ್ನು — ಕಂಡದ್ದೇ ತಡ ಇಳಿದುಬಿಟ್ಟೆ. ನೀವು ಇನ್ನೂ ಮೇಲಿನ ತಿರುವಿನಾಚೆ ಇದ್ದಿರಿ, ನಾನು ಇಳಿದದ್ದು ನಿಮಗೆ ಕಾಣಲಿಲ್ಲ. ಹದಿನೇಳು ಎಣಿಸಿದೆ. ಹದಿನೇಳು! ಅಲ್ಲಿವರೆಗೆ ನನಗೆ ಹನ್ನೊಂದು ದಾಟಿರಲಿಲ್ಲ. ಬಂಡೆಯ ಮರೆಯಲ್ಲಿ ಮೇಲೆದ್ದು ಹುಚ್ಚಿಯ ಹಾಗೆ ನಗುತ್ತಿದ್ದೆ.

ಮೇಲಿನಿಂದ ನೀವು ಕೂಗಿದಿರಿ: “ದಾರಿ ಉಂಟಾ?”

ನೋಡಬೇಕಾದರೆ ಸೊಂಟದ ರಬ್ಬರ್ ಹೊದಿಕೆ ಬಿಚ್ಚಿ, ದೋಣಿಯಿಂದ ಇಳಿದು, ರಸ್ತೆಯವರೆಗೆ ಹೋಗಿ ಕೋಲು ತರಬೇಕಿತ್ತು. ನನಗೆ ಮತ್ತೆ ಮೇಲೆ ಹೋಗಿ ಇನ್ನೊಮ್ಮೆ ಇಳಿಯುವ ಆತುರ. ನೀವು ಬೇಗ ಬಂದುಬಿಟ್ಟರೆ ನನ್ನ ಸರದಿ ಬೇಗ...

“ಉಂಟು!”

ನನ್ನ ದೋಣಿಯ ತಳಕ್ಕೆ ಆಗಲೇ ಏನೋ ಸವರಿತ್ತು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಅದು ನಿಜವೋ, ಆಮೇಲೆ ಮನಸ್ಸು ಕಟ್ಟಿಕೊಂಡದ್ದೋ ಗೊತ್ತಿಲ್ಲ. ಆ ದಿನದ ಡೈರಿಯಲ್ಲಿ ‘ಹದಿನೇಳು’ ಎಂದು ಬಿಟ್ಟರೆ ಬೇರೇನೂ ಇಲ್ಲ. ಆದರೆ ಸಂಜೆ ಜೀಪಿನಿಂದ ಕೋಲು ಬಿಚ್ಚಿದ್ದು ನಾನೇ. ಅದು ಒಣಗಿಯೇ ಇತ್ತು. ಇದು ನೆನಪಿನ ಆಟವಲ್ಲ.

ನೀವು ಮುಳುಗಿದಿರಿ. ನಾನು ಎಣಿಸಿದೆ. ಹದಿನೆಂಟು ದಾಟಿತು. ಇಪ್ಪತ್ತಾದಾಗ ನಾನು ಕೇಕೆ ಹಾಕುತ್ತಿದ್ದೆ, ದಿನೇಶಣ್ಣ — ನನ್ನನ್ನು ಮೀರಿಸಿದಿರಿ ಎಂದು! ನೀವು ಅಡಿಯಲ್ಲಿ ಮರಕ್ಕೆ ಸಿಕ್ಕಿಕೊಂಡು ಒದ್ದಾಡುವಾಗ ನಾನು ಹುಟ್ಟು ಎತ್ತಿ ಕುಣಿಸುತ್ತಿದ್ದೆ. ಮೂವತ್ತರ ನಂತರ ಎಣಿಸಿದ ನೆನಪಿಲ್ಲ.

ದೋಣಿಯಿಂದ ಹೇಗೋ ಬಿಡಿಸಿಕೊಂಡು ಮೇಲೆ ಬಂದಿರಿ. ಹಮೀದ್ ಹಗ್ಗ ಎಸೆದರು, ಇಬ್ಬರೂ ಎಳೆದೆವು. ಬಲಭುಜ ಕೀಲು ತಪ್ಪಿ ಜೋತುಬಿದ್ದಿತ್ತು. ಮರಳ ಮೇಲೆ ಮಲಗಿ, ಉಸಿರು ಸಿಕ್ಕಿದ ಕೂಡಲೇ ನೀವು ಕೇಳಿದ್ದು ನಿಮ್ಮ ಭುಜದ ಬಗ್ಗೆ ಅಲ್ಲ.

“ನೀವು ಎಂತ ಹೇಳಿದ್ದು ಟೀಚರ್ರೆ? ಮರ ಉಂಟು ಅಂತಲಾ? ನನಗೆ ಬರೇ ‘ಉಂಟು’ ಕೇಳಿತು.”

ನಾನು ನೋಡದೆ ಹೇಳಿರಬಹುದೆಂಬ ಯೋಚನೆಯೇ ನಿಮಗೆ ಬಂದಿರಲಿಲ್ಲ.

“ಹೌದು,” ಎಂದೆ.

“ಗ್ರೈಂಡರ್ ಕಿವಿ,” ಎಂದು ನೀವು ಹಮೀದರನ್ನು ನೋಡಿ ನಕ್ಕಿರಿ. “ಮರ ಹೊಳೆಗೆ ಹೋಯ್ತು, ಉಂಟು ಮಾತ್ರ ನನಗೆ ಬಂತು.”

ಮೊದಲನೆಯ ಮಾತು ಅಜಾಗರೂಕತೆ ಎಂದು ಯಾರಾದರೂ ಅನ್ನಬಹುದು. ಎರಡನೆಯದನ್ನು ಏನೆನ್ನುವುದು? ಅದನ್ನು ಹೇಳುವಾಗ ನೀರಿನ ಗದ್ದಲವಿರಲಿಲ್ಲ, ಆತುರವಿರಲಿಲ್ಲ. ನೀವು ನನ್ನ ಮುಖವನ್ನೇ ನೋಡುತ್ತಿದ್ದಿರಿ.

ಭುಜ ಮಳೆಗಾಲ ಕಳೆಯುವುದರೊಳಗೆ ಕೂಡಿಕೊಂಡಿತು. ಆದರೆ ನೀವು ಹೊಳೆಗೆ ಬರಲಿಲ್ಲ. ಗಿರಾಕಿಗಳ ಹತ್ತಿರ ಮಾತಾಡಲು ಮನೆಯಿಂದ ಭಾರತಿ ಅಕ್ಕನನ್ನು ಕರೆತಂದು ಕೂರಿಸಿ ನೀವು ಹಿಂದೆ ಸರಿದಿರಿ. ಪುತ್ತೂರಿನ ಡಾಕ್ಟರು ಪರೀಕ್ಷಿಸಿ ಕಿವಿಗೆ ಏನೂ ಆಗಿಲ್ಲ ಎಂದರೂ ನೀವು ಒಪ್ಪಲಿಲ್ಲ. “ಅವರು ಕೋಣೆಯಲ್ಲಿ ನೋಡಿದ್ದು. ಹೊಳೆಯಲ್ಲಿ ನನ್ನ ಕಿವಿ ಎಂತ ಮಾಡ್ತದೆ ಅವರಿಗೆ ಗೊತ್ತುಂಟಾ?” ನಿಮ್ಮ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಾ ನಾನು ಅದಕ್ಕೂ ತಲೆಯಾಡಿಸಿದೆ. ನಾನು ಮಾತ್ರ ಬೇರೆಯವರ ಜೊತೆ ಹೊಳೆಗೆ ಹೋಗುತ್ತಲೇ ಇದ್ದೆ — ನೀವು ಕತ್ತರಿಸಿ ಕೊಟ್ಟ ದೋಣಿಯಲ್ಲೇ.

ನಿನ್ನೆ ನಿಮ್ಮ ಫೋನು. ಆರು ವರ್ಷದಲ್ಲಿ ಆ ಹುರುಪಿನ ಸ್ವರ ಕೇಳಿರಲಿಲ್ಲ! “ಟೀಚರ್ರೆ, ಹೊಸ ದೋಣಿ ರೆಡಿ ಉಂಟು! ಈಗಿನ ಹೊಟ್ಟೆಗೆ ಸರಿಯಾಗಿ ಮಾಡಿದ್ದು, ಭಾರತಿ ನೋಡಿ ತೊಟ್ಟಿಲಾ ಅಂತ ಕೇಳಿದಳು. ಭಾನುವಾರ ಹೋಗುವ. ಬಂಡೆ ಮೇಲೆ ನೀವು ನಿಲ್ಲಿ. ಬಾಯಲ್ಲಿ ಎಂತದೂ ಹೇಳುದು ಬೇಡ, ಕೈ ಎತ್ತಿದ್ರೆ ಸಾಕು. ನನ್ನ ಕಿವಿ ನಂಬ್ಲಿಕ್ಕೆ ಆಗುದಿಲ್ಲ, ನಿಮ್ಮ ಕಣ್ಣು ಉಂಟಲ್ಲ.”

ನಾನೂ ಕುಣಿದೆ. ಹೋಗುವ, ಹೋಗುವ ಎಂದೆ. ಫೋನಿಟ್ಟ ಮೇಲೆ ಆ ದಿನದ ಡೈರಿ ಹುಡುಕಿ ತೆಗೆದೆ.

ಭಾನುವಾರ ಕಳೆಯಲಿ, ಆಮೇಲೆ ಹೇಳೋಣ, ಅವರ ಸಂತೋಷ ಯಾಕೆ ಕೆಡಿಸುವುದು ಎಂದುಕೊಂಡೆ. ಅದು ಕರುಣೆಯಲ್ಲ. ಭಾನುವಾರ ನನಗೂ ಬೇಕಾಗಿತ್ತು, ಅಷ್ಟೇ. ಯಾರ ಕೈ ನೋಡಿ ನೀವು ಉಸಿರು ಕಟ್ಟಿ ಮುಳುಗುತ್ತೀರಿ ಎಂಬುದು ಮುಳುಗುವ ಮುಂಚೆ ನಿಮಗೆ ತಿಳಿದಿರಬೇಕು. ತಿಳಿದ ಮೇಲೆ ಬೇರೆಯವರನ್ನು ನಿಲ್ಲಿಸಿ. ನನ್ನನ್ನು ಹೊಳೆಯ ದಡಕ್ಕೇ ಕರೆಯಬೇಡಿ ಎಂದರೂ ಸರಿ. ಆದರೆ ನೀವು ಹೋಗಿ ದಿನೇಶಣ್ಣ, ದಯವಿಟ್ಟು ಹೋಗಿ.

ನಾಳೆ ಶನಿವಾರ, ಶಾಲೆ ಬಿಟ್ಟ ಕೂಡಲೇ ಕುಂಬ್ರಕ್ಕೆ ಬರುತ್ತೇನೆ. ಈ ಹಾಳೆಗಳನ್ನು ನಿಮ್ಮ ಕೈಗೇ ಕೊಡುತ್ತೇನೆ, ಮತ್ತು ನೀವು ಓದಿ ತಲೆಯೆತ್ತುವವರೆಗೆ ಅಲ್ಲೇ, ನಿಮಗೆ ಮುಖ ಕಾಣುವ ಹಾಗೆ ನಿಂತಿರುತ್ತೇನೆ.