ಈರುಳ್ಳಿ ಗೋಡೌನಿನ ಹಾಡು

ಗೆಳೆಯರೇ, ಇದನ್ನು ದಯವಿಟ್ಟು ಶೇರ್ ಮಾಡಬೇಡಿ, ಸಿಂಚನಾಗೆ ಕಾಣದ ಹಾಗೆ ಹಾಕಿದ್ದೇನೆ. ನನ್ನ ಹಾಗೆಯೇ ಸ್ವಂತ ಹಾಡು ಕಟ್ಟಿ ಹಾಡುವ ತರೀಕೆರೆಯ ಹುಡುಗಿ ಅವಳು. ಅಜ್ಜಂಪುರದ ನಮ್ಮ ಚಿಕ್ಕಪ್ಪನ ಈರುಳ್ಳಿ ಗೋಡೌನಿನಲ್ಲಿ, ಮೂಟೆಗಳ ನಡುವೆ ನಿಂತು ಹಾಡಿದರೆ ದನಿ ಗೋಡೆಗೆ ಬಡಿದು ವಾಪಸ್ ಬರುವುದಿಲ್ಲ ಎಂದು ಅವಳಿಗೆ ಹೇಳಿಕೊಟ್ಟವನೂ ನಾನೇ.

ಬೆಳಿಗ್ಗೆ ರೆಕಾರ್ಡ್ ಮಾಡಲು ಬಂದಳು. ಪಕ್ಕದಲ್ಲೇ ಹೆಂಗಸರು ಈರುಳ್ಳಿಯ ಬಾಲ ಕತ್ತರಿಸುತ್ತಿದ್ದರು. "ಅಣ್ಣಾ, ಕಣ್ಣುರಿ ತಡಿಯಕ್ಕಾಗ್ತಿಲ್ಲ" ಎನ್ನುತ್ತಲೇ ಹಾಡು ಮುಗಿಸಿ, ಮಧ್ಯಾಹ್ನಕ್ಕೆ ವಿಡಿಯೋ ಹಾಕಿದಳು. ಜನ ಮುಗಿಬಿದ್ದರು. "ಹೃದಯದಿಂದ ಹಾಡಿದ್ದೀರಿ ಅಕ್ಕಾ, ನಾವೂ ಅತ್ತುಬಿಟ್ವಿ" ಅಂತೆ! ಅದು ಈರುಳ್ಳಿ ಘಾಟು ಕಣ್ರೀ ಎಂದು ಬರೆದೆ. ಹೊಟ್ಟೆಕಿಚ್ಚು ಅಂದುಕೊಂಡಾರು ಎಂದು ಹೆದರಿ ಅಳಿಸಿದೆ.

ಆಮೇಲೆ ನಾನೂ ಹೋಗಿ ಅದೇ ಜಾಗದಲ್ಲಿ ನಿಂತು ಹಾಡಿದೆ. ಈರುಳ್ಳಿ ನಡುವೆಯೇ ಬೆಳೆದ ಕಣ್ಣು, ಒಂದು ಹನಿ ಬರಲಿಲ್ಲ. ಗಡ್ಡೆಯೊಂದನ್ನು ಒಡೆದು ಮೂಗಿಗೇ ಹಿಡಿದೆ.

"ಯಾಕೋ ಮುಖ ಹಂಗೆ ಹಿಂಡ್ತಿದೀಯ? ಹಲ್ಲು ನೋವಾ?" ಎಂದರು ಚಿಕ್ಕಪ್ಪ.

"ಹಾಡಲ್ಲಿ ಅಳಬೇಕು ಚಿಕ್ಕಪ್ಪ."

"ಅಳೋದಾದ್ರೂ ಬರುತ್ತೆ ಅಂದ್ಕೊಂಡಿದ್ದೆ, ಅದೂ ಬರಲ್ವೇನಪ್ಪಾ ನಿಂಗೆ!" ಹೆಂಗಸರೆಲ್ಲ ಕುಡುಗೋಲು ಕೆಳಗಿಟ್ಟು ನಕ್ಕರು.

ಆದರೂ ವಿಡಿಯೋ ಹಾಕಿದೆ. ಸಂಜೆಯವರೆಗೆ ಬಂದದ್ದು ಒಂದೇ ಕಾಮೆಂಟ್, ಅದೂ ಸಿಂಚನಾಳದು: "ಚೆನ್ನಾಗಿದೆ ಅಣ್ಣಾ. ಇನ್ನೊಂಚೂರು ಫೀಲ್ ಇರಬೇಕಿತ್ತು."

ಅದನ್ನು ಓದಿದ ಮೇಲೆ ಬಂತು ನೋಡಿ ಕಣ್ಣೀರು, ಧಾರಾಳವಾಗಿ. ರೆಕಾರ್ಡ್ ಮಾಡೋಣವೆಂದು ಫೋನ್ ಎತ್ತಿ ಹಿಡಿಯುವಷ್ಟರಲ್ಲಿ ನಿಂತೇಹೋಯಿತು.