ಕಣದಲ್ಲಿ ನಾನು ತಿರುಚಿದ ಮಾತು

ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮೂರಿಗೆ ಇಂಗ್ಲೆಂಡಿನಿಂದ ಒಬ್ಬ ಸಂಶೋಧಕಿ ಬಂದಳು. ಡೆಂಕಣಿಕೋಟೆ ದಾಟಿ ಕಾಡಿನ ಕಡೆ ಹೋಗುವ ಬಸ್ಸಿಳಿದು ಎರಡು ಮೈಲಿ ನಡೆದರೆ ನಮ್ಮೂರು. ಸೇರಿದ್ದು ತಮಿಳುನಾಡಿಗೆ, ಊರವರ ಮಾತು ಕನ್ನಡ. ಹಳ್ಳಿಯವರು ಒಬ್ಬರಿಗೊಬ್ಬರು ಏನು ಕೊಡುತ್ತಾರೆ, ಏನು ತೆಗೆದುಕೊಳ್ಳುತ್ತಾರೆ, ಆ ಕೊಡು-ಕೊಳ್ಳುವಿಕೆಯಿಂದ ಸಮಾಜ ಹೇಗೆ ನಿಂತಿದೆ ಎನ್ನುವುದು ಅವಳ ಅಧ್ಯಯನ. ಮದ್ರಾಸಿನಲ್ಲಿ ಕಲಿತು ಬಂದಿದ್ದ ಅವಳ ಪುಸ್ತಕದ ತಮಿಳು ನಮ್ಮವರ ಕಿವಿಗೆ ಹತ್ತಲಿಲ್ಲ. ಕೃಷ್ಣಗಿರಿಯಲ್ಲಿ ಬಿ.ಎ. ಓದುತ್ತಿದ್ದ ನಾನು ರಜೆಗೆ ಬಂದಿದ್ದೆ. ನಾನೇ ಅವಳ ದುಭಾಷಿಯಾದೆ.

ಅವಳು ಇಳಿದುಕೊಂಡದ್ದು ನಮ್ಮ ಮನೆಯಲ್ಲಿ. ಅಪ್ಪ ಊರ ಗೌಡ. ಬ್ರಿಟಿಷರ ಕಾಲದಲ್ಲಿ ಕಲೆಕ್ಟರು ಬಂದಾಗ ನಮ್ಮ ಜಗಲಿಯಲ್ಲೇ ಕುರ್ಚಿ ಹಾಕಿಸಿಕೊಂಡು, ತಾತನನ್ನು ಕೇಳಿ ಊರಿನ ವಿಷಯ ಬರೆದುಕೊಂಡಿದ್ದನಂತೆ. ಆ ಆಳ್ವಿಕೆ ಮುಗಿದ ಮೇಲೆ ನಾನು ಹುಟ್ಟಿದ್ದೆ, ಕಾಲೇಜಿಗೂ ಹೋಗುತ್ತಿದ್ದೆ. ಇವಳು ಬಂದು ಕೂತದ್ದು ಮಾತ್ರ ಅದೇ ಜಗಲಿಯಲ್ಲಿ, ಕೇಳಿದ್ದು ಅದೇ ಮನೆಯವರನ್ನು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಅವಳಿಗೆ ತುಂಬ ಹಿಡಿಸಿದ ಪದ ‘ಮುಯ್ಯಿ’. ಇವತ್ತು ನಿಮ್ಮ ಮನೆಯವರು ನಮ್ಮ ಹೊಲದ ಕುಯ್ಲಿಗೆ ಬಂದರೆ ನಾಳೆ ನಾವು ನಿಮ್ಮ ಹೊಲಕ್ಕೆ ಹೋಗುತ್ತೇವೆ, ಅದು ಮುಯ್ಯಾಳು. ಹೊಲವಿದ್ದವರ ನಡುವಿನ ಪದ್ಧತಿ ಅದು. ಅವಳು ಆ ಪದವನ್ನು ಇಡೀ ಊರಿಗೆ ಹೊದಿಸಿಬಿಟ್ಟಳು.

ರಾಗಿ ಒಕ್ಕಣೆಯ ದಿನ ಅವಳು ಕಣಕ್ಕೆ ಬಂದಳು. ಊರಾಚೆಯ ಕೇರಿಯ ಒಬ್ಬ ಮುದುಕಿ ಹೊಟ್ಟು ತೂರುತ್ತಿದ್ದಳು. ಆಕೆಯ ಮನೆಯವರೆಲ್ಲ ತಲೆತಲಾಂತರದಿಂದ ನಮ್ಮ ಕಣದಲ್ಲಿ ದುಡಿದು ಕೊನೆಗೆ ಕೊಳಗದಲ್ಲಿ ಅಳೆದು ಕೊಟ್ಟಷ್ಟು ರಾಗಿ ಒಯ್ಯುತ್ತಿದ್ದರು. ವಯಸ್ಸಿನಲ್ಲಿ ನನ್ನ ಅಜ್ಜಿಗಿಂತ ದೊಡ್ಡವಳು. ನಾನು ಮಾತ್ರ ಆಕೆಯನ್ನು ‘ಬಾರೇ, ಹೋಗೇ’ ಎನ್ನುತ್ತಿದ್ದೆ.

“ಈ ರಾಗಿ ಕೊಡೋದು ಮುಯ್ಯಿ ತಾನೇ, ಕೇಳು” ಎಂದಳು ಸಂಶೋಧಕಿ. ನಾನು ಕೇಳಿದೆ.

ಮುದುಕಿ ಮೊರ ಕೆಳಗಿಟ್ಟಳು. ನಾಲ್ಕು ಹೆಜ್ಜೆ ಆಚೆ ಮಂಚದ ಮೇಲೆ ಕೂತಿದ್ದ ಅಪ್ಪನನ್ನು ಒಂದು ಸಲ ನೋಡಿದಳು. ಆದರೂ ಹೇಳಿದಳು:

“ಮುಯ್ಯಾ? ಹಂಗಾದ್ರೆ ನಿಮ್ಮಪ್ಪಾರು ಒಂದಿನ ಬಂದು ನನ್ ಹೊಲ ಕುಯ್ಬೇಕು. ನಂಗೆ ಹೊಲ ಎಲ್ಲೈತೆ? ಒಂದೊತ್ತು ನಾವು ಕಣಕ್ಕೆ ಬರ್ದೇ ಹೋದ್ರೆ, ಬಾವಿ ತಾವ ನಮ್ ಬಿಂದಿಗೇಗೆ ಯಾರೂ ನೀರು ಸೇದಿ ಹುಯ್ಯಲ್ಲ. ಅದ್ಕೆ ಬತ್ತೀವಿ. ಭಯಕ್ಕೆ ಬತ್ತೀವಿ ಕಣಮ್ಮಣ್ಣಿ. ಬರ್ಕೊಳ್ಳಲಿ.”

ಅಪ್ಪ ಕೂತಲ್ಲಿಂದಲೇ, “ಏನಮ್ಮಿ, ಹಿರೀಕರು ಮಾಡಿದ್ ಕಟ್ಲೆ ಅಂದ್ಳು ಅಂತ ಹೇಳು, ಸಾಕು” ಎಂದರು.

ನಾನು ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ‘ಕೊಟ್ಟು ತೆಗೆದುಕೊಳ್ಳುವುದರಲ್ಲೇ ನಮಗೆ ಸಂತೋಷ ಅನ್ನುತ್ತಿದ್ದಾಳೆ’ ಎಂದು ಸೇರಿಸಿದೆ. ಅದನ್ನು ಹೇಳು ಎಂದು ಅಪ್ಪ ಹೇಳಿರಲಿಲ್ಲ. ಅದು ನನ್ನದೇ. ಸಂಶೋಧಕಿ ಕಣ್ಣರಳಿಸಿ ಬರೆದುಕೊಂಡಳು.

ಆರೇಳು ವರ್ಷಗಳ ಮೇಲೆ, ನಡುವೆ ನಿಂತಿದ್ದ ಓದನ್ನು ಮುಂದುವರಿಸಿ ನಾನು ಬೆಂಗಳೂರಿನಲ್ಲಿ ಎಂ.ಎ. ಓದುವಾಗ ಅವಳ ಪುಸ್ತಕ ನಮಗೆ ಪಠ್ಯವಾಗಿ ಬಂತು. ಊರಿನ ಹೆಸರು ಬದಲಾಗಿತ್ತು, ಮಾತು ಬದಲಾಗಿರಲಿಲ್ಲ. ‘ಒಬ್ಬ ವೃದ್ಧ ಕೂಲಿ ಹೆಂಗಸು ಹೇಳಿದಂತೆ’ ಎಂದು ನನ್ನ ಸುಳ್ಳು ಅಚ್ಚಾಗಿತ್ತು. ಅದರ ಮೇಲೆ ಒಂದು ಇಡೀ ಅಧ್ಯಾಯ ಎದ್ದಿತ್ತು: ಇಲ್ಲಿ ಅಧಿಕಾರ ಒಬ್ಬರ ಕೈಯಲ್ಲಿಲ್ಲ, ಕೊಡು-ಕೊಳ್ಳುವಿಕೆಯಲ್ಲಿ ಊರೆಲ್ಲ ಹರಿದಾಡುತ್ತದೆ, ಬ್ರಿಟಿಷ್ ಅಧಿಕಾರಿಗಳಿಗೆ ಇದು ಕಾಣಲೇ ಇಲ್ಲ ಎಂದು. ಪ್ರೊಫೆಸರು, “ವಸಾಹತುಶಾಹಿಯ ಕನ್ನಡಕ ತೆಗೆದಿಟ್ಟು ನಮ್ಮನ್ನು ನೋಡಿದ ಪುಸ್ತಕ” ಎಂದು ಹೊಗಳಿದರು.

ನಾನು ಎದ್ದು ನಿಂತೆ. “ಆ ಮಾತು ಆಕೆ ಆಡಿದ್ದಲ್ಲ ಸಾರ್. ಸುಳ್ಳು ಹೇಳಿದವಳು ನಾನು” ಎಂದು ನಡೆದದ್ದನ್ನೆಲ್ಲ ಹೇಳಿದೆ. ತರಗತಿ ನಕ್ಕಿತು. ಪ್ರೊಫೆಸರು ನಗಲಿಲ್ಲ, ಕನಿಕರದಿಂದ ನೋಡಿದರು. “ಒಂದು ಉದಾಹರಣೆ ತಪ್ಪಾದರೆ ಸಿದ್ಧಾಂತ ಬೀಳಲ್ಲಮ್ಮ.”

ಆ ಕನಿಕರಕ್ಕೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬೀಳದ ಸಿದ್ಧಾಂತವಂತೆ! ಹಾಗಾದರೆ ಆ ಮುದುಕಿಯನ್ನು ಕೇಳಿದ್ದಾದರೂ ಏತಕ್ಕೆ? ಸಂಶೋಧಕಿಗೆ ನನ್ನ ತಪ್ಪು ಒಪ್ಪಿಕೊಂಡು ಉದ್ದದ ಕಾಗದ ಬರೆದೆ. ಜವಾಬು ಕೊನೆಗೂ ಬರಲಿಲ್ಲ.

ಕಾಗದ ಹಾಕಿದ ವಾರವೇ ಊರಿಗೆ ಹೋದೆ. ಪುಸ್ತಕದಲ್ಲಿರುವುದನ್ನು ಓದಿ ಹೇಳಿದಾಗ ಅಪ್ಪನ ಮುಖ ಅರಳಿತು. “ನಮ್ಮೂರು ಬುಕ್ಕಲ್ಲಿ ಬಂದೈತಲ್ಲಮ್ಮಿ! ಅದ್ಕ್ಯಾಕೆ ಅಳ್ತೀಯ?”

“ಅಳ್ತಿಲ್ಲಪ್ಪ. ನಿಮ್ಮ ಮೇಲೂ ನನ್ನ ಮೇಲೂ ಉಗೀಬೇಕು ಅನ್ನಿಸ್ತಿದೆ” ಎಂದೆ. ಅಪ್ಪನಿಗೆ ನಾನು ಎದುರಾಡಿದ್ದು ಅದೇ ಮೊದಲು. ಅವರು ಎದ್ದು ಒಳಗೆ ಹೋದರು. ನಾನು ಕೇರಿಗೆ ಹೋದೆ.

ಕೇರಿಗೆ ಅಷ್ಟರಲ್ಲಿ ಕೈಪಂಪು ಬಂದಿತ್ತು. ಮುದುಕಿಯ ಮಗ ಹೊಸೂರಿನ ಫ್ಯಾಕ್ಟರಿ ಸೇರಿದ್ದ. ಎರಡು ವರ್ಷದಿಂದ ಅವರ ಮನೆಯಿಂದ ಯಾರೂ ನಮ್ಮ ಕಣಕ್ಕೆ ಬಂದಿರಲಿಲ್ಲ. ನಾನು ಹೊಸ್ತಿಲಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಆಕೆಗೆ ಆಶ್ಚರ್ಯವೇನೂ ಆಗಲಿಲ್ಲ.

“ಗೊತ್ತಾಗಿತ್ತು ಬುಡವ್ವ. ನಾನು ಅಷ್ಟುದ್ದ ಮಾತಾಡ್ದೆ, ನೀನು ಗೇಣುದ್ದ ಹೇಳ್ದೆ. ಆವಮ್ಮ ನಗ್ತಾ ಬರ್ಕೊಂಡ್ಳು. ನನ್ ಮಾತು ಕೇಳಿದ್ರೆ ಯಾರಾದ್ರೂ ನಗ್ತಾರಾ?”

“ಇನ್ನೊಂದು ಸಲ ಹೇಳಿ, ಸರಿಯಾಗಿ ಬರ್ಕೊಂಡು ಪೇಪರಿಗೆ ಕಳಿಸ್ತೀನಿ” ಎಂದೆ. ಆಕೆಯನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲ ಸಲ.

ಆಕೆ ಬೇಡವೆಂದು ತಲೆಯಾಡಿಸಿದಳು. “ನನ್ ಮಾತ್ನ ನೀನು ಒಂದ್ಸಲ ನುಂಗ್ಬುಟ್ಟೆ. ಇನ್ನು ನಿನ್ ಬಾಯಿಗೆ ಹಾಕಲ್ಲ. ನನ್ ಮೊಮ್ಮಗ್ಳು ಎಂಟ್ನೇ ಕ್ಲಾಸು ಓದ್ತಾವ್ಳೆ. ಬರೆಯೋದಿದ್ರೆ ಅವ್ಳೇ ಬರ್ಕೋತಾಳೆ. ನೀನ್ ಹೋಗು.”

ನಾನು ಎದ್ದೆ. ಹೊಸೂರಿಗೆ ಬರುವವರೆಗೂ ಬಸ್ಸಿನಲ್ಲಿ ಹಲ್ಲು ಕಚ್ಚಿ ಕೂತಿದ್ದೆ. ಸಿಟ್ಟು ಆಕೆಯ ಮೇಲೆ ಒಂದಿಷ್ಟೂ ಇರಲಿಲ್ಲ. ಆಕೆ ಹೇಳಿದ್ದು ಸರಿಯಾಗಿತ್ತು, ನಾನು ಮತ್ತೆ ಅವರ ಮನೆಯ ಮಾತು ಬರೆಯಲು ಹೋಗಲಿಲ್ಲ. ಇಲ್ಲಿ ಬರೆದಿರುವುದು ನನ್ನ ಮನೆಯ ತಪ್ಪು.